ಊರಿನ ರಗ್ಗುಗಳನ್ನೆಲ್ಲ ಒಗೆದ ಸೋಪಿನ ಸಿಸ್ಟರ್

ಕಾನ್ವೆಂಟಿನ ಹಿತ್ತಿಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೋಡೆಯಿಂದ ಗೋಡೆಗೆ ಬಿಗಿದ ತಂತಿಗಳ ಮೇಲೆ ರಗ್ಗುಗಳು ಸಾಲುಸಾಲಾಗಿ ತೂಗುತ್ತಿವೆ. ಆ ಸಾಲುಗಳ ನಡುವೆ ಗಿಡ್ಡ ದೇಹದ ಒಬ್ಬರು ಒಂದೊಂದೇ ರಗ್ಗಿನ ಮುಂದೆ ನಿಲ್ಲುತ್ತಾರೆ, ಅಂಚನ್ನು ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಾರೆ, ಒಂದು ಗಳಿಗೆ ಕಣ್ಣು ಮುಚ್ಚಿ ಮುಂದಿನದಕ್ಕೆ ಹೋಗುತ್ತಾರೆ. ದೂರದಿಂದ ನೋಡಿದರೆ ಮಕ್ಕಳನ್ನು ಮುದ್ದು ಮಾಡುತ್ತಿರುವ ಹಾಗೆ ಕಾಣುತ್ತದೆ. ಅದು ಮುದ್ದಲ್ಲ, ಒಣಗಿದೆಯೇ ಎಂದು ನೋಡುವ ಬಗೆ.

"ಈ ಕೈಗೆ ಹಸಿ ಯಾವುದು, ಒಣಗಿದ್ದು ಯಾವುದು ಅಂತ ಗೊತ್ತಾಗೋದು ನಿಂತು ಎಷ್ಟೋ ಕಾಲ ಆಯ್ತು" ಎಂದು ಅವರು ಅಂಗೈ ತೋರಿಸುತ್ತಾರೆ. ಬಟ್ಟೆ ಒಗೆಯುವ ಸೋಡಾ ತಿಂದು ತಿಂದು ಅಂಗೈಯ ಗೆರೆಗಳೇ ಅಳಿಸಿಹೋಗಿವೆ. "ಕೆನ್ನೆ ಇನ್ನೂ ಕೆಲಸ ಮಾಡುತ್ತೆ. ಅದನ್ನ ನಾನು ಯಾವತ್ತೂ ಸೋಡಾಕ್ಕೆ ಅದ್ದಿಲ್ಲವಲ್ಲ!"

ಊರಿನ ಮಕ್ಕಳು ಇವರಿಗೆ ಇಟ್ಟಿರುವ ಹೆಸರು ಸೋಪಿನ ಸಿಸ್ಟರ್. ಪಕ್ಕದಲ್ಲಿ ಹಾದುಹೋದರೆ ಸೋಪಿನ ವಾಸನೆ ಬರುತ್ತದೆ ಎಂಬುದಷ್ಟೇ ಕಾರಣ. ಈ ಕಾನ್ವೆಂಟಿನ ಧರ್ಮಭಗಿನಿಯರಲ್ಲಿ ಶಾಲೆಯಲ್ಲಿ ಪಾಠ ಮಾಡುವವರನ್ನು ಎಲ್ಲರೂ ಬಲ್ಲರು, ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವವರನ್ನು ಕಂಡರೆ ಬೀದಿಯಲ್ಲಿ ಜನ ನಿಂತು ಕುಶಲ ಕೇಳುತ್ತಾರೆ. ಒಗೆಯುವ ಮನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದ ಇವರನ್ನು ಮಾತಾಡಿಸಿದವರು ಕಡಿಮೆ. ಹಿತ್ತಿಲಿನ ಗೋಡೆ ಎತ್ತರದ್ದು. ಗೋಡೆಯ ಮೇಲಿಂದ ಕಾಣುವುದು ಒಣಗಿದ ಬಟ್ಟೆ ಮಾತ್ರ.

ಇವತ್ತು ಆ ಹಿತ್ತಿಲಿನ ಗೇಟು ಊರಿಗೆಲ್ಲ ತೆರೆಯಲಿದೆ. ನಾಳೆ ಈ ಧರ್ಮಭಗಿನಿಯರ ಸಭೆಗೆ ನೂರೈವತ್ತು ವರ್ಷ ತುಂಬುವ ದಿನ. ಅಷ್ಟರೊಳಗೆ, ಇವತ್ತು ಸೂರ್ಯ ಮುಳುಗುವುದರೊಳಗೆ, ತಂತಿಯ ಮೇಲಿರುವ ಪ್ರತಿಯೊಂದು ರಗ್ಗೂ ಅದರದರ ಯಜಮಾನರ ಹಾಸಿಗೆ ಸೇರಬೇಕು. ರಾತ್ರಿ ಚಳಿ ಶುರುವಾಗಿದೆ. ತೊಂದರೆ ಏನೆಂದರೆ, ಯಾವ ರಗ್ಗು ಯಾರದು ಎಂಬುದು ಸೋಪಿನ ಸಿಸ್ಟರಿಗೆ ಗೊತ್ತಿಲ್ಲ. ಕಾನ್ವೆಂಟಿನಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೆ ಕಾರಣ ಸೋಪಿನ ಸಿಸ್ಟರೇ.

ಹತ್ತೊಂಬತ್ತರ ಹುಡುಗಿಯಾಗಿ ಅವರು ಈ ಕಾನ್ವೆಂಟಿಗೆ ಬಂದಾಗ ನರ್ಸ್ ಆಗಬೇಕೆಂಬ ಆಸೆಯಿತ್ತು. ತಂದೆ ಕಲ್ಲು ಒಡೆಯುವವರು, ಮನೆ ತುಂಬ ತಮ್ಮಂದಿರು ತಂಗಿಯರು. ಶಾಲೆ ಅರ್ಧಕ್ಕೇ ನಿಂತಿತ್ತು. ಓದು ಸಾಲದೆಂದು ಗೊತ್ತಾದ ಮೇಲೆ ಆಗಿನ ಮದರ್, "ಸದ್ಯಕ್ಕೆ ಒಗೆಯೋ ಮನೇಲಿ ಇರಮ್ಮ, ಆಮೇಲೆ ನೋಡೋಣ" ಎಂದಿದ್ದರು. ಆ "ಆಮೇಲೆ" ಇನ್ನೂ ಬಂದಿಲ್ಲ. ಮೊದಲ ವರ್ಷ ಮಗಳನ್ನು ನೋಡಲು ಬಂದ ತಂದೆ, ಮೊಣಕಾಲವರೆಗೆ ನೀರಿನಲ್ಲಿ ನಿಂತು ಚಾದರ ತುಳಿಯುತ್ತಿದ್ದ ಮಗಳನ್ನು ಕಂಡು ದಂಗಾಗಿಬಿಟ್ಟರಂತೆ.

"ಒಗೆಯೋದೇ ಆಗಿದ್ರೆ ಮನೇಲೇ ಒಗೀಬಹುದಿತ್ತಲ್ಲ, ಮಗಳೇ ಅಂದ್ರು ಅಪ್ಪ. ಮನೇಲಿ ನಮ್ಮ ಮನೆಯವರ ಬಟ್ಟೆ ಮಾತ್ರ ಇತ್ತಲ್ಲಪ್ಪ ಅಂದೆ. ಅವರಿಗೆ ಅರ್ಥ ಆಯ್ತೋ ಬಿಡ್ತೋ! ಹೋಗೋ ಮುಂಚೆ ಅಂಗಿ ಬಿಚ್ಚಿ ಕೊಟ್ರು. ಹಾಗಾದ್ರೆ ಇದನ್ನೂ ಒಗೆಯೋಕೆ ಹಾಕು ಅಂದ್ರು."

ಕೆಲಸ ಸುಲಭದ್ದಲ್ಲ. ನಸುಕಿನಲ್ಲೆದ್ದು ಹಂಡೆಗೆ ಉರಿ ಹಾಕಬೇಕು. ಸೋಪಿನ ಗಟ್ಟಿಯನ್ನು ಚಾಕುವಿನಿಂದ ತೆಳ್ಳಗೆ ಹೆರೆದು ಬಿಸಿನೀರಿನಲ್ಲಿ ಕರಗಿಸಬೇಕು. ಆಸ್ಪತ್ರೆಯ ಚಾದರಗಳು ಬೇರೆ, ವೃದ್ಧಾಶ್ರಮದ ಚಾದರಗಳು ಬೇರೆ, ಸಿಸ್ಟರುಗಳ ಬಟ್ಟೆ ಬೇರೆ. ಒಮ್ಮೆ ಕುದಿನೀರು ಚೆಲ್ಲಿ ಪಾದ ಸುಟ್ಟು, ತಿಂಗಳುಗಟ್ಟಲೆ ಕುಂಟಿದ್ದೂ ಉಂಟು. ಚಳಿಗಾಲದಲ್ಲಿ ಬೆರಳ ಸಂದುಗಳು ಒಡೆಯುತ್ತವೆ. ಯಾರೋ ಪುಣ್ಯಾತ್ಮರು ದೊಡ್ಡದೊಂದು ವಾಷಿಂಗ್ ಮಿಷಿನ್ ದಾನ ಕೊಟ್ಟಿದ್ದರು. ಅದರ ಸುದ್ದಿ ಎತ್ತಿದರೆ ಸೋಪಿನ ಸಿಸ್ಟರಿಗೆ ನಗು ತಡೆಯುವುದಿಲ್ಲ. "ಮಿಷಿನ್ ಬಂತು, ಇನ್ನು ನಿಮಗೆ ನಿವೃತ್ತಿ ಅಂದ್ರು ಎಲ್ಲರೂ. ಪಾಪ, ಅದೇ ಮೊದಲು ನಿವೃತ್ತಿ ಆಯ್ತು." ಈಗ ಅದರ ಮೇಲೆ ಹೂವಿನ ಕುಂಡಗಳಿವೆ.

ಒಗೆಯುವ ಮನೆಯಲ್ಲಿ ಒಂದು ಪದ್ಧತಿಯಿದೆ, ಸಭೆ ಹುಟ್ಟಿದಾಗಿನಿಂದ ನಡೆದುಬಂದದ್ದು. ಇಲ್ಲಿನ ಸಿಸ್ಟರುಗಳಿಗೆ ಸ್ವಂತದ್ದೆಂದು ಬಟ್ಟೆಯಿಲ್ಲ. ಒಗೆದು ಒಣಗಿದ್ದೆಲ್ಲ ಮೂರು ಕಪಾಟುಗಳಿಗೆ ಹೋಗುತ್ತದೆ: ಗಿಡ್ಡ, ನಡು, ಉದ್ದ. ಯಾರಿಗೆ ಯಾವುದು ಬೇಕೋ ಅದನ್ನು ತೆಗೆದುಕೊಳ್ಳುತ್ತಾರೆ. ಹೋದ ವಾರ ಒಬ್ಬರು ತೊಟ್ಟದ್ದನ್ನು ಈ ವಾರ ಇನ್ನೊಬ್ಬರು ತೊಡುತ್ತಾರೆ. ಬಟ್ಟೆಗೆ ಯಜಮಾನರಿರುತ್ತಾರೆ ಎಂಬ ಯೋಚನೆಯೇ ಸೋಪಿನ ಸಿಸ್ಟರಿಗೆ ಬರದಂತೆ ಮೂವತ್ತು ವರ್ಷ ಕಳೆದುಹೋಗಿದೆ.

ನೂರೈವತ್ತರ ಸಂಭ್ರಮಕ್ಕೆ ಊರಿಗೇನಾದರೂ ಸೇವೆ ಮಾಡಬೇಕೆಂದು ಮದರ್ ಎಲ್ಲರನ್ನೂ ಕೂರಿಸಿ ಕೇಳಿದ್ದರು. ವೈದ್ಯಕೀಯ ಶಿಬಿರ ಎಂದರು ಒಬ್ಬರು. ಗಿಡ ನೆಡೋಣ ಎಂದರು ಇನ್ನೊಬ್ಬರು. ಗಾಯನ ಕಾರ್ಯಕ್ರಮ, ಮಕ್ಕಳಿಗೆ ಸ್ಪರ್ಧೆ, ಹೀಗೆ ಮಾತು ಸುತ್ತಿ ಸುತ್ತಿ ಕೊನೆಗೆ ಮೂಲೆಯಲ್ಲಿ ಕೂತವರ ಬಳಿ ಬಂತು.

"ನನ್ನನ್ನೂ ಕೇಳ್ತಾರೆ ಅಂತ ಅಂದ್ಕೊಂಡೇ ಇರಲಿಲ್ಲ, ಬಾಯಿಗೆ ಬಂದದ್ದು ಹೇಳಿಬಿಟ್ಟೆ" ಎನ್ನುತ್ತಾರೆ ಅವರು. ಬಾಯಿಗೆ ಬಂದದ್ದು ಇಷ್ಟು: "ಚಳಿ ಬರ್ತಾ ಇದೆ. ವಯಸ್ಸಾದವರ ಮನೇಲಿ ರಗ್ಗು ಒಗೆಯೋಕೆ ಆಗಲ್ಲ. ನೆಂದ್ರೆ ಅದನ್ನ ಎತ್ತೋರು ಯಾರು?"

ಅಡುಗೆಮನೆಯ ಸಿಸ್ಟರ್ ಎದ್ದು ನಿಂತು, "ನಮ್ಮಜ್ಜಿ ರಗ್ಗು ನೆನಪಾಯ್ತು ನೋಡಿ. ಅದು ಸತ್ತವರನ್ನೂ ಎಬ್ಬಿಸೋ ಹಾಗೆ ನಾರ್ತಿತ್ತು" ಎಂದರು. ನಗುವಿನ ನಡುವೆ ತೀರ್ಮಾನ ಆಗಿಹೋಯಿತು.

ಎರಡು ವಾರ ಸಿಸ್ಟರುಗಳು ಮನೆಮನೆಗೆ ಹೋಗಿ ರಗ್ಗು ತಂದರು, ಬದಲಿಗೆ ಕಾನ್ವೆಂಟಿನ ಹೊದಿಕೆಗಳನ್ನು ಕೊಟ್ಟು ಬಂದರು. ಒಂದೆರಡು ಬೀದಿಗಳಿಗೆ ಸೋಪಿನ ಸಿಸ್ಟರೂ ಹೋದರು. ಅಲ್ಲೇ, ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಪುಟ್ಟ ಮನೆಯಲ್ಲಿ, ಡ್ರೈವರ್ ತಾತ ಸಿಕ್ಕರು. ಜೀವಮಾನವಿಡೀ ರಾತ್ರಿ ಬಸ್ಸು ಓಡಿಸಿದವರು. ಈಗ ಸೊಂಟ ಬಿದ್ದು ಕಿಟಕಿಯ ಪಕ್ಕದ ಮಂಚವೇ ಅವರ ಪ್ರಪಂಚ. ರಗ್ಗನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅವರು ಬಿಡಲೇ ಇಲ್ಲ.

"ಒಗೆಯೋಕೆ ಅಂತ ಕೊಟ್ಟಿದ್ದು ಯಾವ ಕಾಲದಲ್ಲಿ ವಾಪಸ್ ಬಂದಿದೆ? ಹೋಗಿ ಹೋಗಿ."

"ಮಾವ, ಆ ರಗ್ಗು ನಿಂತುಕೊಂಡೇ ನಡೆಯೋ ಸ್ಥಿತಿಗೆ ಬಂದಿದೆ. ಕೊಡಿ" ಎಂದರು ಸೊಸೆ.

"ನೀನು ಸುಮ್ನಿರು. ಇದು ಬಸ್ಸಲ್ಲಿ ನನ್ನ ಜೊತೆ ಓಡಾಡಿದ ರಗ್ಗು. ನೀನು ಈ ಮನೆಗೆ ಬರೋಕ್ಕಿಂತ ಮುಂಚಿನದು."

"ನಾನೇ ಒಗೀತೀನಿ, ತಾತ. ನಾನೇ ತಂದು ನಿಮಗೆ ಹೊದಿಸ್ತೀನಿ" ಎಂದರು ಸೋಪಿನ ಸಿಸ್ಟರ್.

"ಹಾಗಾದ್ರೆ ಆಣೆ ಇಡಿ."

"ನಾವು ಆಣೆ ಇಡಲ್ಲ, ತಾತ. ಹೇಳಿದ್ದನ್ನ ಮಾಡ್ತೀವಿ."

ತಾತ ಅವರ ಮುಖವನ್ನು ನೋಡಿದರು, ಕೈಗಳನ್ನು ನೋಡಿದರು. ಆಮೇಲೆ ಒಂದು ಕೈ ಬಿಟ್ಟರು. ಇನ್ನೊಂದನ್ನು ಸೊಸೆ ಬಿಡಿಸಿದರು.

ಪ್ರತಿ ರಗ್ಗನ್ನೂ ಸುತ್ತಿ, ಹಳೆಯ ಚಾದರದ ಪಟ್ಟಿಯೊಂದರಿಂದ ಕಟ್ಟಿ, ಪಟ್ಟಿಯ ಮೇಲೆ ಮಸಿಯಿಂದ ಮನೆಯವರ ಹೆಸರು ಬರೆದಿದ್ದರು ಎಳೆಯ ಸಿಸ್ಟರುಗಳು. ಒಗೆಯುವ ಮನೆಯಲ್ಲಿ ಬೆಟ್ಟದಷ್ಟು ರಗ್ಗು ಬಿತ್ತು. ಸೋಪಿನ ಸಿಸ್ಟರ್ ನಿಲುವಂಗಿಯ ಅಂಚು ಎತ್ತಿಕಟ್ಟಿ ತೊಟ್ಟಿಗಿಳಿದರು. ತೆಳ್ಳನೆಯವು ಮೊದಲು, ದಪ್ಪನೆಯವು ಆಮೇಲೆ. ತುಳಿದದ್ದು, ಜಾಲಿಸಿದ್ದು, ಇಬ್ಬರು ಎರಡು ತುದಿ ಹಿಡಿದು ಹಿಂಡಿದ್ದು. ತೊಟ್ಟಿಯಿಂದ ಹರಿದ ನೀರು ಮೊದಲ ದಿನ ಕಾಫಿಯಂತೆ, ಆಮೇಲೆ ಟೀಯಂತೆ, ಕೊನೆಗೆ ನೀರಿನಂತೆಯೇ ಆಯಿತು. ಹರಿದದ್ದನ್ನು ಹೊಲಿಯಲು ಮಾತ್ರ ಹೊತ್ತು ಸಿಗಲಿಲ್ಲ.

ನಿನ್ನೆ ಮಧ್ಯಾಹ್ನ ರಗ್ಗುಗಳನ್ನು ಹಂಚಲು ಎಳೆಯ ಸಿಸ್ಟರುಗಳು ಬಂದು, "ಪಟ್ಟಿಗಳೆಲ್ಲಿ, ಸಿಸ್ಟರ್?" ಎಂದು ಕೇಳಿದರು.

ಸೋಪಿನ ಸಿಸ್ಟರ್ ಹೆಮ್ಮೆಯಿಂದ ಮೇಜಿನ ಕಡೆ ಕೈ ತೋರಿಸಿದರು. ಪಟ್ಟಿಗಳೆಲ್ಲ ಅಲ್ಲಿದ್ದವು. ಒಗೆದು, ಇಸ್ತ್ರಿ ಮಾಡಿ, ಒಂದರ ಮೇಲೊಂದು ಜೋಡಿಸಿಟ್ಟದ್ದು. ಹಾಲಿನಂತೆ ಬೆಳ್ಳಗೆ.

"ತುಂಬ ಕೊಳೆಯಾಗಿದ್ದವು. ಯಾರೋ ಮಸಿ ಬೇರೆ ಮೆತ್ತಿದ್ರು. ಬಿಡಿಸೋಕೆ ಸಾಕುಸಾಕಾಯ್ತು."

ಎಳೆಯ ಸಿಸ್ಟರೊಬ್ಬರು ಮೆಲ್ಲಗೆ ವಿಷಯ ಹೇಳಿದಾಗ ಸೋಪಿನ ಸಿಸ್ಟರ್ ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತರು. "ಓದೋಕೆ ಬರಲ್ಲ ಅಂತಲ್ಲ" ಎಂದು ಈಗ ನಾಚುತ್ತಲೇ ಹೇಳುತ್ತಾರೆ. "ಆದ್ರೆ ಬಟ್ಟೆ ಮೇಲಿರೋದನ್ನ ಓದ್ಬೇಕು ಅಂತ ಹೊಳೀಲೇ ಇಲ್ಲ. ನನ್ನ ಕಣ್ಣಿಗೆ ಬಟ್ಟೆ ಮೇಲೆ ಏನಿದ್ರೂ ಅದು ಕಲೆ."

ಸುದ್ದಿ ಕೇಳಿ ಓಡಿಬಂದ ಅಡುಗೆಮನೆಯ ಸಿಸ್ಟರ್ ತಂತಿಗಳನ್ನೊಮ್ಮೆ ನೋಡಿದರು, ಪಟ್ಟಿಗಳನ್ನೊಮ್ಮೆ ನೋಡಿದರು. "ಎಲಾ ಪುಣ್ಯಾತ್ಗಿತ್ತಿ! ಇಡೀ ಊರಿಗೇ ಸನ್ಯಾಸ ಕೊಟ್ಟುಬಿಟ್ರಲ್ಲ. ಇನ್ಮೇಲೆ ಯಾರಿಗೂ ಸ್ವಂತ ರಗ್ಗಿಲ್ಲ!" ಮದರ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗದೇ ಇದ್ದವರು ಒಬ್ಬರೇ. ಸೋಪಿನ ಸಿಸ್ಟರಿಗೆ ಕಣ್ಣ ಮುಂದೆ ಬಂದದ್ದು ರಗ್ಗಿನಿಂದ ಒಂದು ಕೈ ಬಿಟ್ಟ ಡ್ರೈವರ್ ತಾತ.

"ಗೇಟು ತೆಗೆಯೋಣ. ಅವರವರದು ಅವರವರೇ ಗುರುತು ಹಿಡೀಲಿ" ಎಂದರು ಮದರ್.

ಹಾಗೆ ಇವತ್ತು ಬೆಳಗ್ಗೆ, ನೂರೈವತ್ತು ವರ್ಷದಲ್ಲಿ ಮೊದಲ ಬಾರಿಗೆ, ಒಗೆಯುವ ಮನೆಯ ಹಿತ್ತಿಲಿಗೆ ಊರು ನುಗ್ಗುತ್ತದೆ. ಕೋಲೂರಿಕೊಂಡು ಬಂದವರು, ಮಗಳ ತೋಳು ಹಿಡಿದು ಬಂದವರು, ಅಜ್ಜಿಯ ಪರವಾಗಿ ಬಂದ ಮೊಮ್ಮಕ್ಕಳು. ಎಲ್ಲರೂ ತಂತಿಗಳ ನಡುವೆ ಓಡಾಡುತ್ತಾರೆ, ಆದರೆ ಯಾರ ಕೈಯೂ ರಗ್ಗಿಗೆ ಹೋಗುವುದಿಲ್ಲ. ಯಾರಿಗೂ ತಮ್ಮದು ಕಾಣುತ್ತಿಲ್ಲ. ಕಾರಣ ಮೊದಲು ಗೊತ್ತಾಗುವುದು ಹೊಲಿಗೆ ಕೆಲಸದ ಮುದುಕಿಗೆ. ಆಕೆ ಎಳೆ ಹಸಿರಿನ ರಗ್ಗೊಂದರ ಮೂಲೆಯನ್ನು ಹಿಡಿದು, ತಾನೇ ಹಾಕಿದ ತೇಪೆಯನ್ನು ನೋಡಿ ಕಿರುಚುತ್ತಾಳೆ.

"ಅಯ್ಯಯ್ಯೋ, ಇದು ನಮ್ಮದೇ! ಇಷ್ಟು ವರ್ಷ ಕಂದು ರಗ್ಗು ಅಂತ ಹೊದ್ದುಕೊಂಡಿದ್ದೆ, ಇದು ಹಸಿರು ಕಣ್ರೇ!"

ಅಲ್ಲಿಂದ ಮುಂದೆ ಹಿತ್ತಿಲಲ್ಲಿ ಗದ್ದಲವೋ ಗದ್ದಲ. ಬಣ್ಣವನ್ನು ನಂಬುವ ಹಾಗಿಲ್ಲ ಎಂದು ಗೊತ್ತಾದದ್ದೇ, ಜನ ಬೇರೆ ಗುರುತುಗಳಿಗೆ ಬೀಳುತ್ತಾರೆ. ಒಬ್ಬರಿಗೆ ಬೀಡಿಯ ಕಿಡಿ ಸುಟ್ಟ ಚುಕ್ಕೆ ಸಿಗುತ್ತದೆ, ಇನ್ನೊಬ್ಬರಿಗೆ ನಾಯಿಮರಿ ಕಚ್ಚಿದ ಅಂಚು. ಕಣ್ಣು ಕಾಣದ ಅಜ್ಜಿಯೊಬ್ಬರು ಒಂದೊಂದೇ ರಗ್ಗನ್ನು ಹೆಗಲಿಗೆ ಹೊದ್ದುಕೊಂಡು, "ಇದಲ್ಲ, ಇದು ತುಂಬ ಹಗುರ" ಎನ್ನುತ್ತಾ ಸಾಗುತ್ತಾರೆ. ಗಂಡ ಹೆಂಡತಿ ಇಬ್ಬರು ಒಂದೇ ರಗ್ಗಿನ ಎರಡು ತುದಿ ಹಿಡಿದು ನಿಂತಿದ್ದಾರೆ.

"ಇದು ನಮ್ಮದಲ್ಲ ಮಾರಾಯ್ತಿ, ನಮ್ಮದರಲ್ಲಿ ಹೂವೆಲ್ಲಿತ್ತು?"

"ನಮ್ಮ ಮದುವೆಗೆ ನಮ್ಮಮ್ಮ ಕೊಟ್ಟ ರಗ್ಗಲ್ಲಿ ಹೂ ಇತ್ತೋ ಇಲ್ವೋ ಅನ್ನೋದನ್ನ ನೀವು ನನಗೆ ಹೇಳ್ಬೇಕಾ?"

ಅಡುಗೆಮನೆಯ ಸಿಸ್ಟರ್ ದೊಡ್ಡ ಪಾತ್ರೆಯಲ್ಲಿ ಟೀ ತಂದಿಟ್ಟಿದ್ದಾರೆ. ರಗ್ಗು ಸಿಕ್ಕವರೂ ಮನೆಗೆ ಹೋಗುತ್ತಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಬಿಸಿಲಲ್ಲಿ ಕೂತು, ಇನ್ನೊಬ್ಬರ ರಗ್ಗು ಹುಡುಕಲು ಸಲಹೆ ಕೊಡುತ್ತಾರೆ. ಎಷ್ಟೋ ದಿನದಿಂದ ಮನೆಯಿಂದ ಹೊರಗೇ ಬರದಿದ್ದವರು ಪಕ್ಕದ ಬೀದಿಯವರನ್ನು ಕಂಡು, "ನೀನಿನ್ನೂ ಇದೀಯಾ?" ಎಂದು ಬೆನ್ನಿಗೆ ಗುದ್ದುತ್ತಾರೆ.

ಸೋಪಿನ ಸಿಸ್ಟರ್ ಮಾತ್ರ ಬೂದು ಬಣ್ಣದ ಬೆನ್ನು ಹತ್ತಿದ್ದಾರೆ. ತಾತನ ರಗ್ಗು ಬೂದು, ಅಂಚು ಬೂದು, ನಡು ಬೂದು ಎಂದು ಸೊಸೆಯೂ ಹೇಳಿದ್ದಾರೆ, ತಾತನೂ ಹೇಳಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ತಂತಿಯ ಮೇಲೆ ಉಳಿದ ನಾಲ್ಕು ಬೂದು ರಗ್ಗುಗಳನ್ನೂ ಹೊತ್ತುಕೊಂಡು ಅವರು ಆ ಮೆಟ್ಟಿಲು ಹತ್ತುತ್ತಾರೆ.

ತಾತ ಒಂದೊಂದನ್ನೂ ಹೊದ್ದುಕೊಳ್ಳುತ್ತಾರೆ. ಗದ್ದದವರೆಗೆ ಎಳೆದುಕೊಂಡು, ಛಾವಣಿ ನೋಡುತ್ತಾ, ಸ್ವಲ್ಪ ಹೊತ್ತು ಪಾದ ಅಲ್ಲಾಡಿಸಿ, "ಅಲ್ಲ" ಎನ್ನುತ್ತಾರೆ. ನಾಲ್ಕಕ್ಕೂ ಅದೇ ಮಾತು.

"ಮಾವ, ಎಲ್ಲ ಒಂದೇ ಥರ ಇವೆ. ಯಾವುದಾದ್ರೂ ಒಂದನ್ನ ನಮ್ಮದು ಅನ್ನಿ. ಪಾಪ, ಸಿಸ್ಟರ್ ಎಷ್ಟು ಸಲ ಹತ್ತಿ ಇಳೀತಾರೆ?"

"ಬೇರೆಯವರ ರಗ್ಗು ಹೊದ್ದು ನಾನು ಮಲಗ್ಲಾ?" ಎಂದ ತಾತ ಸಿಸ್ಟರ್ ಕಡೆ ತಿರುಗುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. "ಹೋಗ್ಲಿ ಬಿಡಮ್ಮ. ಹಳೇದಾಗಿತ್ತು."

ಇಳಿಯುವಾಗ ಸೋಪಿನ ಸಿಸ್ಟರ್ ಮೆಟ್ಟಿಲ ಮೇಲೆ ಒಂದು ಸಲ ಕೂತು ಎದ್ದರೆಂದು ಜೊತೆಗೆ ಹೋಗಿದ್ದ ಅಡುಗೆಮನೆಯ ಸಿಸ್ಟರ್ ಹೇಳುತ್ತಾರೆ.

ಹಿತ್ತಿಲಿಗೆ ಮರಳುವಷ್ಟರಲ್ಲಿ ಆ ನಾಲ್ಕಕ್ಕೂ ಯಜಮಾನರು ಬಂದು ಕಾಯುತ್ತಿದ್ದಾರೆ. ಬಿಸಿಲು ಇಳಿಯುತ್ತದೆ, ಜನ ಚದುರುತ್ತಾರೆ. ಕೊನೆಗೆ ತಂತಿಯ ಮೇಲೆ ಉಳಿಯುವುದು ಒಂದೇ ಒಂದು ರಗ್ಗು. ಬೆಳಗ್ಗೆಯಿಂದ ಎಲ್ಲರೂ ನೋಡಿ, ಎಷ್ಟು ಚೆಂದ ಎಂದು ಹೊಗಳಿ, ತಮ್ಮದಲ್ಲ ಎಂದು ಬಿಟ್ಟುಹೋದದ್ದು. ಮೋಡವಿಲ್ಲದ ಆಕಾಶದ ನೀಲಿ.

ಅಡುಗೆಮನೆಯ ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡುತ್ತಾರೆ. "ಉಳಿದಿರೋ ರಗ್ಗು ಒಂದು. ಉಳಿದಿರೋ ಮನುಷ್ಯ ಒಬ್ಬ. ಇನ್ನೇನು ಯೋಚನೆ?"

"ಅವರದು ಬೂದು. ಇದು ನೀಲಿ."

"ಬೆಳಗ್ಗಿಂದ ಹಿತ್ತಿಲಲ್ಲಿ ಕಂದು ಹೋಗಿ ಹಸಿರಾಯ್ತು, ಕಪ್ಪು ಹೋಗಿ ಹೂವಾಯ್ತು. ಡೀಸೆಲ್ ಹೊಗೆ ಕುಡಿದ ರಗ್ಗು ನೀಲಿ ಆಗಬಾರ್ದಾ? ನಡೀರಿ ನಡೀರಿ, ಹೊತ್ತು ಮುಳುಗುತ್ತೆ."

ಕಿಟಕಿಯಿಂದ ಸಂಜೆಯ ಬಿಸಿಲು ಓರೆಯಾಗಿ ಮಂಚದ ಮೇಲೆ ಬಿದ್ದಿದೆ. ನೀಲಿ ರಗ್ಗನ್ನು ನೋಡಿದ್ದೇ ತಾತ ಮುಖ ಆಚೆ ತಿರುಗಿಸುತ್ತಾರೆ. "ಮುದುಕನ್ನ ತಮಾಷೆ ಮಾಡೋಕೆ ಬಂದ್ರಾ? ನನ್ನದು ಬೂದು."

"ಹೊದಿಸ್ತೀನಿ ಅಂತ ಮಾತು ಕೊಟ್ಟಿದ್ದೆ, ತಾತ. ಒಂದ್ಸಲ ಹೊದಿಸೋಕೆ ಬಿಡಿ. ಅಲ್ಲದಿದ್ರೆ ತೆಗೀತೀನಿ."

ಸೋಪಿನ ಸಿಸ್ಟರ್ ರಗ್ಗನ್ನು ಬಿಡಿಸಿ, ಮೆಲ್ಲಗೆ ಗದ್ದದವರೆಗೆ ಎಳೆಯುತ್ತಾರೆ. ರಗ್ಗಿನ ಕೆಳಗೆ ತಾತನ ಎಡ ಪಾದ ಆ ಕಡೆ ಈ ಕಡೆ ಸರಿದಾಡುತ್ತದೆ. ಏನನ್ನೋ ಹುಡುಕುತ್ತಿರುವ ಹಾಗೆ. ಇದ್ದಕ್ಕಿದ್ದಂತೆ ನಿಲ್ಲುತ್ತದೆ. ನೀಲಿ ರಗ್ಗಿನ ತುದಿಯಲ್ಲಿ, ದುಂಡನೆಯ ತೂತೊಂದರಿಂದ, ತಾತನ ಹೆಬ್ಬೆರಳು ಹೊರಗೆ ಇಣುಕುತ್ತದೆ.

ತಾತ ಆ ಬೆರಳನ್ನೇ ನೋಡುತ್ತಾ, "ಇದೇ" ಎನ್ನುತ್ತಾರೆ.

"ತೂತಿದೆ ಅಂತ ಮೊದಲೇ ಹೇಳೋಕೆ ಏನಾಗಿತ್ತು, ಮಾವ?" ಸೊಸೆ ಅಳುತ್ತಿದ್ದಾರೋ ನಗುತ್ತಿದ್ದಾರೋ ಗೊತ್ತಾಗುವುದಿಲ್ಲ.

"ಹೇಳಿದ್ರೆ ಹೊಲಿದುಬಿಡ್ತಾರೆ. ಬೆರಳಿಗೆ ಗಾಳಿ ಬೇಡ್ವಾ?"

"ಅಯ್ಯೋ, ಹೊಲೀಬೇಕು ಅಂತಲೇ ಇದ್ದೆ ತಾತ, ಹೊತ್ತು ಸಿಗಲಿಲ್ಲ" ಎನ್ನುತ್ತಾರೆ ಸೋಪಿನ ಸಿಸ್ಟರ್.

"ದೇವರು ದೊಡ್ಡವನು" ಎನ್ನುತ್ತಾರೆ ತಾತ.

ಅಡುಗೆಮನೆಯ ಸಿಸ್ಟರ್ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಾರೆ. ತಾತ ಮಾತ್ರ ರಗ್ಗಿನ ಮೇಲೆ ಅಂಗೈ ಆಡಿಸುತ್ತಾ, ಬಿಸಿಲು ಬಿದ್ದ ಕಡೆ ನೀಲಿ ಹೊಳೆಯುವುದನ್ನು ನೋಡುತ್ತಿದ್ದಾರೆ.

"ನಮ್ಮವಳು ಕೊಂಡು ತಂದಿದ್ದು. ನೀಲಿ ರಗ್ಗು ಎಲ್ಲಿಟ್ರಿ, ನೀಲಿ ರಗ್ಗು ತಂದ್ರಾ ಅಂತ ಸಾಯೋವರೆಗೂ ಕೇಳ್ತಿದ್ದಳು. ಅದು ಬೂದು ಕಣೇ, ನಿನ್ನ ಕಣ್ಣು ಡಾಕ್ಟರಿಗೆ ತೋರಿಸು ಅಂತ ನಾನು ರೇಗಿಸ್ತಿದ್ದೆ." ರಗ್ಗನ್ನು ಎದೆಗೆ ಎಳೆದುಕೊಳ್ಳುತ್ತಾರೆ. "ಅವಳು ಹೇಳಿದ್ದೇ ಸರಿ ಇತ್ತು ನೋಡಮ್ಮ. ಎಂಥ ಬಣ್ಣ ಬರಿಸಿಬಿಟ್ರಿ!"

"ಬಣ್ಣ ಅದರಲ್ಲೇ ಇತ್ತು, ತಾತ. ನಾನು ಕೊಳೆ ತೆಗೆದೆ ಅಷ್ಟೇ." ಹೇಳುವಾಗ ಸೋಪಿನ ಸಿಸ್ಟರಿನ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತದೆ.

ತಾತನಿಗೆ ನಿದ್ದೆ ಹತ್ತಿದ ಮೇಲೆ ಸೊಸೆ ಮೆಟ್ಟಿಲ ಕೆಳಗಿನವರೆಗೂ ಬಂದು ಬೀಳ್ಕೊಡುತ್ತಾರೆ. ನಾಳೆ ಹಬ್ಬವಲ್ಲವೇ, ಬಿಷಪ್ ಬರುತ್ತಾರಂತೆ, ನೀವು ಮುಂದಿನ ಸಾಲಿನಲ್ಲಿ ಕೂರಬೇಕು ಎನ್ನುತ್ತಾರೆ. ಸೋಪಿನ ಸಿಸ್ಟರಿಗೆ ಮುಂದಿನ ಸಾಲಿನ ಮಾತು ಕಿವಿಗೆ ಬಿದ್ದಂತಿಲ್ಲ. ಅವರ ತಲೆಯಲ್ಲಿ ಬೇರೊಂದು ಆಸೆ ಓಡುತ್ತಿದೆ, ಮದರ್ ಹತ್ತಿರ ಹೇಗೆ ಎತ್ತಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತಾರೆ.

"ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಒಂದ್ಸಲ ಊರಿನ ರಗ್ಗುಗಳು ಬರ್ಲಿ ಅಂತ ನನ್ನಾಸೆ" ಎನ್ನುತ್ತಾರೆ. "ಇನ್ನೊಂದು ನೂರೈವತ್ತು ವರ್ಷ ಆಗ್ಲಿ ಅಂತ ಕೂತ್ರೆ ನಾನಿರಲ್ಲ. ಕೊಳೆ ಇರುತ್ತೆ."